ಬಿಸಿಲನ್ನು ಭರಣಿಯಲ್ಲಿಡುವ ವಿದ್ಯೆ

ಕಳಸ, ಮೂಡಿಗೆರೆ, ಕೊಪ್ಪದ ಕಡೆಯ ಹಳೆಯ ಮನೆಗಳಲ್ಲಿ ಮಾರ್ಚ್, ಏಪ್ರಿಲ್ ಎಂದರೆ ಹೆಂಗಸರಿಗೆ ಪುರುಸೊತ್ತಿಲ್ಲದ ಕಾಲ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ, ಪಕ್ಕದಲ್ಲಿ ಅಕ್ಕಿ ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿದ ಬಾಳಕದ ಮೆಣಸಿನಕಾಯಿ. ಕಾಗೆ ಓಡಿಸಲು ಕೋಲು ಹಿಡಿದು ಕೂತ ಒಬ್ಬ ಹುಡುಗ. ಅತ್ತ ಗಂಡಸರು ಒಣಗಿದ ಸೌದೆಯನ್ನು ಕೊಟ್ಟಿಗೆಗೆ ತುಂಬಿಸುತ್ತಿರುತ್ತಾರೆ. ಉಪ್ಪು, ಹುಣಸೆ, ಒಣಮೆಣಸು, ಕೆಲವು ಮನೆಗಳಲ್ಲಿ ಘಟ್ಟದ ಕೆಳಗಿನಿಂದ ಬಂದ ಒಣಮೀನು, ಎಲ್ಲವೂ ಜೂನ್ ಮೊದಲ ವಾರಕ್ಕೆ ಮುಂಚೆ ಅಟ್ಟ ಸೇರಬೇಕು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಒಂದರ ಬೆನ್ನಿಗೆ ಒಂದು ಮಳೆ ಹಿಡಿದರೆ ಮುಂದೆ ಯಾವಾಗ ಬಿಸಿಲು ಕಂಡೀತೆಂದು ಹೇಳುವವರಿಲ್ಲ.

ಈ ಸಿದ್ಧತೆಯನ್ನು ನಾವು ಅಡುಗೆಯ ವಿಷಯವೆಂದಷ್ಟೇ ತಿಳಿದಿದ್ದೇವೆ. ಸ್ವಲ್ಪ ಯೋಚಿಸಿದರೆ ಇದು ಶಕ್ತಿಯ ವಿಷಯವೂ ಹೌದು. ಬಿಸಿಲು ಧಾರಾಳವಾಗಿ ಸುರಿಯುವಾಗ ಅದನ್ನು ಹಿಡಿದು, ಹಪ್ಪಳದಲ್ಲೋ ಸೌದೆಯಲ್ಲೋ ಅಡಗಿಸಿ, ಬಿಸಿಲೇ ಇಲ್ಲದ ದಿನಕ್ಕೆ ತೆಗೆದಿಡುವ ವಿದ್ಯೆ ಇದು. ಇಂದು ಸೌರವಿದ್ಯುತ್ತಿನ ಎದುರು ನಿಂತಿರುವ ಪ್ರಶ್ನೆಯೂ ಇದೇ. ಬಿಸಿಲಿನಿಂದ ವಿದ್ಯುತ್ ಮಾಡುವುದನ್ನು ನಾವು ಕಲಿತಾಗಿದೆ, ಅಗ್ಗವಾಗಿಯೂ ಮಾಡುತ್ತಿದ್ದೇವೆ. ಅದನ್ನು ಇಡುವ ಭರಣಿ ಯಾವುದು, ಅದಕ್ಕೆ ಬೆಲೆ ತೆರುವವರು ಯಾರು ಎಂಬುದು ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಕಾಫಿ ನಾಡಿನ ಗುಡ್ಡಗಳ ಮೇಲೆ ನಿಂತು ಈ ಕಥೆಯನ್ನು ನೋಡಿದರೆ ಅದರ ಎರಡೂ ಮುಖಗಳು ಕಾಣುತ್ತವೆ.

ಕಣದ ಬಿಸಿಲು

ಬಾಬಾಬುಡನ್ ಅವರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಅದು 17ನೆಯ ಶತಮಾನದ ಮಾತು. 19ನೆಯ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಬಂದು ಕಾಡಿನ ನೆರಳಿನಲ್ಲಿ ದೊಡ್ಡ ತೋಟಗಳನ್ನು ಮಾಡಿದರು. ಆ ದಿನದಿಂದ ಇಂದಿನವರೆಗೆ ಕಾಫಿಯ ಕೆಲಸದಲ್ಲಿ ಬದಲಾಗದ ಒಂದು ಅಂಗವಿದೆ. ಅದು ಕಣ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹಣ್ಣು ಕೊಯ್ದು, ಅರೇಬಿಕಾ ಆದರೆ ಬಹುಪಾಲು ಪಲ್ಪರ್‌ಗೆ ಕೊಟ್ಟು ತೊಳೆದು ಪಾರ್ಚ್‌ಮೆಂಟ್ ಮಾಡಿ, ಇಲ್ಲವೇ ಹಣ್ಣನ್ನೇ ಚೆರಿಯಾಗಿ ಕಣದಲ್ಲಿ ಹರಡುತ್ತಾರೆ. ಪಾರ್ಚ್‌ಮೆಂಟಿಗೆ ಸುಮಾರು ಒಂದು ವಾರದಿಂದ ಹತ್ತು ದಿನ, ಚೆರಿಗೆ ಅದಕ್ಕಿಂತಲೂ ಹೆಚ್ಚು ಬಿಸಿಲು ಬೇಕು. ತೇವಾಂಶ ನೂರಕ್ಕೆ ಹತ್ತು ಹನ್ನೊಂದಕ್ಕೆ ಇಳಿಯದಿದ್ದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ.

ಹೀಗೆ ಈ ಜಿಲ್ಲೆಯ ಮುಖ್ಯ ಉದ್ಯಮ ಮೊದಲಿನಿಂದಲೂ ಸೌರಶಕ್ತಿಯಿಂದಲೇ ನಡೆದುಬಂದದ್ದು. ಯಾರೂ ಅದನ್ನು ಆ ಹೆಸರಿನಿಂದ ಕರೆಯಲಿಲ್ಲ ಅಷ್ಟೆ. ಕೊಯ್ಲಿನ ನಡುವೆ ಅಕಾಲ ಮಳೆ ಬಂದು ಹಣ್ಣು ಕಣದಲ್ಲಿ ಕೊಳೆತಾಗಲೆಲ್ಲ ಬೆಳೆಗಾರರಿಗೆ ಒಂದು ಸತ್ಯ ಮತ್ತೆ ಮತ್ತೆ ಮನದಟ್ಟಾಗಿದೆ: ಬಿಸಿಲು ನಮ್ಮ ಗಡಿಯಾರಕ್ಕೆ ಕಟ್ಟುಬಿದ್ದದ್ದಲ್ಲ.

ಆದರೆ ಬೆಳಕಿನ ಮಾತು ಬೇರೆ. ಹಪ್ಪಳ ಒಣಗಿಸಿಟ್ಟಂತೆ ಬೆಳಕನ್ನು ಒಣಗಿಸಿಡಲು ಬರುವುದಿಲ್ಲ. ಬಹುಕಾಲ ಮಲೆನಾಡಿನ ರಾತ್ರಿ ಎಂದರೆ ದೊಂದಿ, ಸೂಡಿ, ಎಣ್ಣೆಯ ಹಣತೆ. ಆಮೇಲೆ ಸೀಮೆಎಣ್ಣೆ ಬಂತು. ಅದರ ಜೊತೆಗೆ ಚಿಮಣಿ ಬುಡ್ಡಿ, ಲಾಟೀನು, ಮದುವೆ ಮನೆಗೆ ಮತ್ತು ಯಕ್ಷಗಾನದ ಆಟಕ್ಕೆ ಗ್ಯಾಸ್‌ಲೈಟು. ಸೀಮೆಎಣ್ಣೆಯೂ ಒಂದು ಲೆಕ್ಕದಲ್ಲಿ ಶೇಖರಿಸಿದ ಬಿಸಿಲೇ. ಕೋಟ್ಯಂತರ ವರ್ಷಗಳ ಹಿಂದಿನ ಜೀವಿಗಳು ಹಿಡಿದಿಟ್ಟ ಬಿಸಿಲು. ಅದನ್ನು ಡಬ್ಬಿಯಲ್ಲಿ ಹೊತ್ತು ತರಬಹುದಿತ್ತು, ಬೇಕಾದಾಗ ಉರಿಸಬಹುದಿತ್ತು. ಅದರ ಗೆಲುವಿನ ಗುಟ್ಟು ಇದೇ.

ಪೆಟ್ಟಿಗೆಯೊಳಗಿನ ವಿದ್ಯುತ್

ವಿದ್ಯುತ್ತನ್ನು ಪೆಟ್ಟಿಗೆಯಲ್ಲಿಡುವ ಪ್ರಯತ್ನ ವಿದ್ಯುತ್ ದೀಪಕ್ಕಿಂತಲೂ ಹಳೆಯದು. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯ ತುಂಡುಗಳನ್ನಿಟ್ಟು ಮೊದಲ ಬ್ಯಾಟರಿಯನ್ನು ಲೋಕಕ್ಕೆ ತೋರಿಸಿದ್ದು 1800ರಲ್ಲಿ. ಅದು ಒಮ್ಮೆ ಮುಗಿದರೆ ಮುಗಿಯಿತು. ಬರಿದಾದದ್ದನ್ನು ಮತ್ತೆ ತುಂಬಬಹುದಾದ ಬ್ಯಾಟರಿಯನ್ನು 1859ರಲ್ಲಿ ಮಾಡಿದವನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ. ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿದ ಸೀಸದ ಹಾಳೆಗಳು, ಅಷ್ಟೇ ಅವನ ಸಾಧನ. ಇಂದು ನಮ್ಮ ಜೀಪಿನ ಬಾನೆಟ್ಟಿನ ಕೆಳಗೆ, ಮನೆಯ ಇನ್ವರ್ಟರ್ ಪಕ್ಕದಲ್ಲಿ ಇರುವ ಬ್ಯಾಟರಿಯೂ ಮೂಲದಲ್ಲಿ ಅದೇ. ನೂರಾ ಅರವತ್ತಕ್ಕೂ ಹೆಚ್ಚು ವರ್ಷ ಇಷ್ಟು ಕಡಿಮೆ ಬದಲಾಗಿ ಉಳಿದ ಯಂತ್ರಗಳು ವಿರಳ.

ಮಲೆನಾಡಿಗೆ ಬ್ಯಾಟರಿ ಬಂದದ್ದು ವಿದ್ಯುತ್ ತಂತಿಗಿಂತ ಮೊದಲು. ಕೈಯಲ್ಲಿ ಹಿಡಿಯುವ ಟಾರ್ಚಿನಲ್ಲಿ ಬಂತು, ಹಾಡು ಮತ್ತು ವಾರ್ತೆ ಕೇಳಿಸುವ ರೇಡಿಯೋದಲ್ಲಿ ಬಂತು. ಟ್ರಾನ್ಸಿಸ್ಟರ್ ಬರುವ ಮುಂಚಿನ ವಾಲ್ವ್ ರೇಡಿಯೋಗಳನ್ನು ವಿದ್ಯುತ್ತಿಲ್ಲದ ಊರುಗಳಲ್ಲಿ ಬ್ಯಾಟರಿಯಿಂದ ನಡೆಸುತ್ತಿದ್ದರು. ಬ್ಯಾಟರಿ ಇಳಿದಾಗ ಅದನ್ನು ಪೇಟೆಗೆ ಸಾಗಿಸಿ, ಚಾರ್ಜ್ ಮಾಡಿಸಿ ತರಬೇಕು. ವಿದ್ಯುತ್ ಎನ್ನುವುದು ಹಾಲಿನಂತೆ, ಸೀಮೆಎಣ್ಣೆಯಂತೆ ಹೊತ್ತು ತರುವ ವಸ್ತುವಾಗಿದ್ದ ಕಾಲವದು.

ಅಷ್ಟರಲ್ಲಿ ಮೈಸೂರು ಸಂಸ್ಥಾನ ಬೇರೊಂದು ದಾರಿಯಲ್ಲಿ ಬಹುದೂರ ಹೋಗಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. 1948ರಲ್ಲಿ ಜೋಗದ ಕೇಂದ್ರ ಕೆಲಸ ಆರಂಭಿಸಿತು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಶರಾವತಿ ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜಲಾಶಯವೂ ಒಂದು ಬ್ಯಾಟರಿಯೇ. ಮಳೆಗಾಲದ ನಾಲ್ಕು ತಿಂಗಳಲ್ಲಿ ಬಿದ್ದ ನೀರನ್ನು ಎತ್ತರದಲ್ಲಿ ಹಿಡಿದಿಟ್ಟು, ಬೇಸಿಗೆಯ ಸಂಜೆ ಊರೆಲ್ಲ ಏಕಕಾಲಕ್ಕೆ ದೀಪ ಹಾಕಿದಾಗ ಒಂದಿಷ್ಟು ಬಿಟ್ಟರೆ ಸಾಕು, ಕೆಲವೇ ನಿಮಿಷಗಳಲ್ಲಿ ಯಂತ್ರ ತಿರುಗುತ್ತದೆ. ಕರ್ನಾಟಕದ ವಿದ್ಯುತ್ ವ್ಯವಸ್ಥೆ ದಶಕಗಳ ಕಾಲ ಶೇಖರಣೆಯ ಚಿಂತೆ ಮಾಡದಿದ್ದುದಕ್ಕೆ ಪಶ್ಚಿಮಘಟ್ಟದ ಈ ನೀರೇ ಕಾರಣ. ಅದರ ಬೆಲೆಯನ್ನು ಕೊಟ್ಟವರು ಮುಳುಗಡೆಯ ಜನ. ಗದ್ದೆ, ತೋಟ, ದೇವಸ್ಥಾನ ಬಿಟ್ಟು ಎದ್ದ ಸಾವಿರಾರು ಕುಟುಂಬಗಳಲ್ಲಿ ಅನೇಕರು ತಮ್ಮ ಹೊಸ ಮನೆಗೆ ಆ ವಿದ್ಯುತ್ ಬರಲು ವರ್ಷಗಟ್ಟಲೆ ಕಾದರು. ಈ ನೆನಪನ್ನು ಇಟ್ಟುಕೊಂಡೇ ಮುಂದಿನ ಕಥೆಗೆ ಹೋಗಬೇಕು.

ಉಪಗ್ರಹದಿಂದ ಲೈನ್ ಮನೆಗೆ

ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ ಹುಟ್ಟುತ್ತದೆಂದು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಕಂಡದ್ದು 1839ರಲ್ಲಿ. ಉಪಯೋಗಕ್ಕೆ ಬರುವ ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ್ದು 1954ರಲ್ಲಿ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲನ್ನು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಬೆಲೆಯೋ ವಿಪರೀತ. ಹಣದ ಲೆಕ್ಕ ನೋಡದ ಒಂದೇ ಕಡೆ ಅದಕ್ಕೆ ಕೆಲಸ ಸಿಕ್ಕಿತು, ಬಾಹ್ಯಾಕಾಶದಲ್ಲಿ.

ನಮ್ಮ ನಾಡಿಗೆ ಅದರ ನಂಟು ಬೆಳೆದದ್ದೂ ಹಾಗೆಯೇ. ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದ ಮೈಮೇಲೆ ಸೌರಕೋಶಗಳಿದ್ದವು, ಒಳಗೆ ನಿಕಲ್–ಕ್ಯಾಡ್ಮಿಯಂ ಬ್ಯಾಟರಿ ಇತ್ತು. ಭೂಮಿಯನ್ನು ಸುತ್ತುವಾಗ ಉಪಗ್ರಹ ಪ್ರತಿ ಸುತ್ತಿನಲ್ಲೂ ಭೂಮಿಯ ನೆರಳಿಗೆ ಹೋಗಿ ಬರುತ್ತದೆ. ಬಿಸಿಲಿನ ಬದಿಯಲ್ಲಿ ತುಂಬಿಕೊಂಡದ್ದನ್ನು ನೆರಳಿನ ಬದಿಯಲ್ಲಿ ಖರ್ಚು ಮಾಡಬೇಕು. ಸೌರಫಲಕ ಮತ್ತು ಬ್ಯಾಟರಿ ಒಂದು ನೊಗದ ಎರಡು ಎತ್ತುಗಳು ಎಂಬುದು ಬಾಹ್ಯಾಕಾಶದಲ್ಲಿ ದುಡಿದವರಿಗೆ ಮೊದಲ ದಿನದಿಂದ ಗೊತ್ತಿತ್ತು. ನೆಲದ ಮೇಲಿನ ನಮಗೆ ಅದು ಅರ್ಥವಾಗಲು ತಡವಾಯಿತು.

1980ರ ದಶಕದ ಕೊನೆಗೆ ಸೌರಫಲಕಗಳ ತಯಾರಿಕೆಯಲ್ಲಿ ಬೆಂಗಳೂರು ಹೆಸರು ಪಡೆಯಿತು. 1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಸೇರಿ ಸೆಲ್ಕೊ ಎಂಬ ಸಂಸ್ಥೆಯನ್ನು ಕರ್ನಾಟಕದಲ್ಲಿ ಆರಂಭಿಸಿದರು. ಬಡವರು ಸೌರದೀಪವನ್ನು ಕೊಳ್ಳಲಾರರು, ಕೊಂಡರೂ ಕಾಪಾಡಲಾರರು ಎಂಬ ಮಾತನ್ನು ಸುಳ್ಳು ಮಾಡುವುದು ಅವರ ಉದ್ದೇಶವಾಗಿತ್ತು. ದಾರಿ ತೆರೆದದ್ದು ಬ್ಯಾಂಕಿನ ಸಾಲ. ಸೀಮೆಎಣ್ಣೆಗೆ, ಮೇಣದಬತ್ತಿಗೆ, ಟಾರ್ಚಿನ ಸೆಲ್ಲಿಗೆ ತಿಂಗಳು ತಿಂಗಳು ಖರ್ಚಾಗುತ್ತಿದ್ದ ಹಣವನ್ನೇ ಕಂತಾಗಿ ಕಟ್ಟಿದರೆ ಕೆಲವು ವರ್ಷಗಳಲ್ಲಿ ದೀಪ ಸ್ವಂತದ್ದಾಗುತ್ತದೆ. ಗ್ರಾಮೀಣ ಬ್ಯಾಂಕುಗಳು ಈ ಲೆಕ್ಕವನ್ನು ಒಪ್ಪಿದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರದೀಪಕ್ಕೆ ಸಾಲ ಕೊಡುವ ಯೋಜನೆಯನ್ನೇ ನಡೆಸಿದವು. (ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆ ಕಾಲದ ಸೌರದೀಪ ನೋಡಿದವರಿಗೆ ಅದರ ದೌರ್ಬಲ್ಯವೂ ನೆನಪಿರುತ್ತದೆ. ಮಾಡಿನ ಮೇಲಿನ ಫಲಕ ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುತ್ತದೆ. ದೀಪ ಕೆಟ್ಟರೆ ಪೇಟೆಯಲ್ಲಿ ಸಿಗುತ್ತದೆ. ಸೋಲುವುದು ಮೂಲೆಯಲ್ಲಿ ಕುಳಿತ ಸೀಸದ ಬ್ಯಾಟರಿ. ಅದಕ್ಕೆ ಬಟ್ಟಿ ಇಳಿಸಿದ ನೀರು ಹಾಕಬೇಕು, ಪೂರ್ತಿ ಬರಿದಾಗಲು ಬಿಡಬಾರದು, ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇಡಬಾರದು. ಮಲೆನಾಡಿನ ಮಳೆಗಾಲ ಮಾಡುವುದು ಸರಿಯಾಗಿ ಈ ಕೊನೆಯ ತಪ್ಪನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ತುಂಬುವುದು ಕಡಿಮೆ, ರಾತ್ರಿ ಖಾಲಿಯಾಗುವುದು ಹೆಚ್ಚು. ಹಾಗಾಗಿ ಬಯಲುಸೀಮೆಯಲ್ಲಿ ಐದಾರು ವರ್ಷ ಬರುವ ಬ್ಯಾಟರಿ ಇಲ್ಲಿ ಮೂರಕ್ಕೇ ಮುಗಿದರೆ ಆಶ್ಚರ್ಯವಿಲ್ಲ. ಹೊಸದಕ್ಕೆ ಹಣವಿಲ್ಲದ ಮನೆಯಲ್ಲಿ ಫಲಕ ಮಾಡಿನ ಮೇಲೆ ಹೊಳೆಯುತ್ತಲೇ ಇರುತ್ತದೆ, ಕೆಳಗೆ ಮತ್ತೆ ಬುಡ್ಡಿ ಹತ್ತುತ್ತದೆ. ಬಂಗಲೆಗೆ ಡೀಸೆಲ್ ಜನರೇಟರ್ ಇದ್ದ ತೋಟದಲ್ಲೂ ಕೆಲಸಗಾರರ ಲೈನ್ ಮನೆಗಳ ಕಥೆ ಇದೇ ಆಗಿರಬಹುದು.

ಆನೆ ಕಲಿಸಿದ ಪಾಠ

ಬ್ಯಾಟರಿಯ ಮಹತ್ವವನ್ನು ಮೂಡಿಗೆರೆ ಸೀಮೆಯವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ, ಆನೆ ವಿವರಿಸಿದೆ. ಸಕಲೇಶಪುರ, ಆಲೂರು, ಮೂಡಿಗೆರೆಯ ತೋಟಗಳಿಗೆ ಕಾಡಾನೆಗಳು ಬರುವುದು ಈಗ ನಿತ್ಯದ ಮಾತು. ಬೆಳೆ ಹೋದದ್ದಲ್ಲದೆ ಕೆಲಸಕ್ಕೆ ಹೊರಟ ಜನರ ಪ್ರಾಣಗಳೂ ಹೋಗಿವೆ. ಇದಕ್ಕೆ ಪ್ರತಿಯಾಗಿ ಬಂದ ಉಪಾಯಗಳಲ್ಲಿ ಸೋಲಾರ್ ಬೇಲಿ ಒಂದು.

ಅದರ ರಚನೆ ಸರಳ. ಒಂದು ಸಣ್ಣ ಸೌರಫಲಕ, ಒಂದು 12 ವೋಲ್ಟಿನ ಬ್ಯಾಟರಿ, ತಂತಿಗೆ ಮಿಡಿತ ಕೊಡುವ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಸುಮಾರು ಸೆಕೆಂಡಿಗೊಮ್ಮೆ ಕೆಲವು ಸಾವಿರ ವೋಲ್ಟಿನ ಹೊಡೆತವನ್ನು ಕ್ಷಣದ ಅತಿ ಸಣ್ಣ ಭಾಗದಷ್ಟು ಹೊತ್ತು ತಂತಿಗೆ ಬಿಡುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ನೇರವಾಗಿ ಮನೆಯ ಲೈನಿನಿಂದ ತಂತಿಗೆ ಕರೆಂಟ್ ಕೊಡುವುದು ಕೊಲೆಗೆ ಸಮ, ಕಾನೂನಿನ ಪ್ರಕಾರ ಅಪರಾಧವೂ ಹೌದು. ಆನೆಗಳನ್ನೂ ಮನುಷ್ಯರನ್ನೂ ಹಾಗೆ ಕಳೆದುಕೊಂಡ ಪ್ರಕರಣಗಳು ಸಾಕಷ್ಟಿವೆ.

ಈ ಬೇಲಿಯ ಒಂದು ವಿಶೇಷವನ್ನು ಗಮನಿಸಿ. ಬಿಸಿಲಿನಿಂದ ನಡೆಯುವ ಬೇಲಿ, ಆದರೆ ಅದಕ್ಕೆ ಕೆಲಸವಿರುವುದು ರಾತ್ರಿ. ಆನೆ ಕಾಡಿನಿಂದ ಇಳಿಯುವುದು ಕತ್ತಲಾದ ಮೇಲೆ. ಬ್ಯಾಟರಿ ಸತ್ತರೆ ಬೇಲಿ ಬರೀ ತಂತಿ. ಮಳೆಗಾಲದಲ್ಲಿ ಬಳ್ಳಿ, ಹುಲ್ಲು, ಬಿದ್ದ ಕೊಂಬೆ ತಂತಿಗೆ ತಾಗಿ ವಿದ್ಯುತ್ ನೆಲಕ್ಕೆ ಸೋರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಆನೆಯೂ ಸುಮ್ಮನಿರುವುದಿಲ್ಲ. ದಂತಕ್ಕೆ ಶಾಕ್ ಹೊಡೆಯುವುದಿಲ್ಲವೆಂದು ಕಲಿತು ದಂತದಿಂದ ತಂತಿ ಹರಿಯುತ್ತದೆ, ಒಣಮರವನ್ನು ತಂತಿಯ ಮೇಲೆ ಕೆಡವಿ ದಾಟುತ್ತದೆ. ಬೇಲಿ ಹಾಕಿದ ದಿನವಲ್ಲ, ಹಾಕಿ ಎರಡು ಮಳೆಗಾಲ ಕಳೆದ ಮೇಲೆ ಬ್ಯಾಟರಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೇ ಅದರ ಯಶಸ್ಸನ್ನು ನಿರ್ಧರಿಸುತ್ತದೆ. ಸಂಜೆಯ ಹೊತ್ತಿಗೆ ಇಡೀ ದೇಶದ ವಿದ್ಯುತ್ ಜಾಲದ ಪಾಡೂ ಈ ಬೇಲಿಗಿಂತ ಬಹಳ ಬೇರೆಯಲ್ಲ.

ಹಗಲು ಹೆಚ್ಚು, ಸಂಜೆ ಕಡಿಮೆ

ರಾಷ್ಟ್ರೀಯ ಸೌರ ಮಿಷನ್ ಆರಂಭವಾದದ್ದು 2010ರಲ್ಲಿ. ಅಂದಿನ ಗುರಿ 2022ಕ್ಕೆ 20 ಸಾವಿರ ಮೆಗಾವಾಟ್. 2015ರಲ್ಲಿ ಅದನ್ನು ಒಂದು ಲಕ್ಷಕ್ಕೆ ಏರಿಸಿದಾಗ ನಕ್ಕವರು ಅನೇಕರು. 2014ರ ಮಾರ್ಚ್‌ನಲ್ಲಿ ದೇಶದ ಸೌರವಿದ್ಯುತ್ ಸಾಮರ್ಥ್ಯ ಮೂರು ಸಾವಿರ ಮೆಗಾವಾಟ್ ಕೂಡ ಇರಲಿಲ್ಲ. ಗುರಿ ಮುಟ್ಟುವುದು ತಡವಾಯಿತು ನಿಜ, ಆದರೆ 2025ರ ಮಾರ್ಚ್ ಅಂತ್ಯಕ್ಕೆ ಅದು 105 ಸಾವಿರ ಮೆಗಾವಾಟ್ ದಾಟಿತ್ತು. ಅದರಲ್ಲಿ ಕರ್ನಾಟಕದ ಪಾಲು ಒಂಬತ್ತು ಸಾವಿರಕ್ಕೂ ಮೇಲೆ.

ಇದರ ದೊಡ್ಡ ಸಂಕೇತ ತುಮಕೂರು ಜಿಲ್ಲೆಯ ಪಾವಗಡ. ಬರಕ್ಕೆ ಹೆಸರಾದ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿಯಾಯಿತು. ಭೂಮಿಯನ್ನು ಕಿತ್ತುಕೊಳ್ಳದೆ ರೈತರಿಂದ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಅದರ ವೈಶಿಷ್ಟ್ಯ. ಭೂಮಿಯೇ ಇಲ್ಲದ ಕೂಲಿಕಾರರಿಗೆ ಅದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆ ಬೇರೆ ಇದೆ.

ಆದರೆ ಪಾವಗಡದ ಸೂರ್ಯನೂ ಕಳಸದ ಸೂರ್ಯನೂ ಒಬ್ಬನೇ. ಇಬ್ಬರಿಗೂ ಸಂಜೆ ಆರೂವರೆಗೆ ಮುಳುಗುತ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ ಜಾಲದಲ್ಲಿ ಬೇಡವೆನ್ನುವಷ್ಟು ವಿದ್ಯುತ್, ಸಂಜೆ ಏಳಕ್ಕೆ ದೀಪ, ಮಿಕ್ಸಿ, ಟಿ.ವಿ., ಫ್ಯಾನು ಎಲ್ಲ ಒಟ್ಟಿಗೆ ಹತ್ತಿದಾಗ ಸೌರವಿದ್ಯುತ್ ಸೊನ್ನೆ. ಈ ಏರಿಳಿತದ ನಕ್ಷೆ ಬಾತುಕೋಳಿಯ ಆಕಾರದಲ್ಲಿ ಕಾಣುತ್ತದೆಂದು 2013ರಲ್ಲಿ ಕ್ಯಾಲಿಫೋರ್ನಿಯಾದ ವಿದ್ಯುತ್ ಜಾಲದವರು ತೋರಿಸಿದ್ದರು. ಮಧ್ಯಾಹ್ನ ಹೊಟ್ಟೆ ಜೋತು ಬೀಳುತ್ತದೆ, ಸಂಜೆ ಕತ್ತು ನೆಟ್ಟಗೆ ಏಳುತ್ತದೆ. ಆ ಕತ್ತನ್ನು ಎತ್ತಿ ಹಿಡಿಯಲು ಕಲ್ಲಿದ್ದಲಿನ ಕೇಂದ್ರಗಳೂ ಜಲಾಶಯಗಳೂ ಓಡಬೇಕು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದಿದ್ದಾಗ ಕರ್ನಾಟಕದಲ್ಲಿ ಎಂಥ ಬಿಕ್ಕಟ್ಟು ತಲೆದೋರಿತೆಂಬುದು ಪಂಪ್‌ಸೆಟ್ ಇದ್ದ ಪ್ರತಿ ರೈತನಿಗೂ ಗೊತ್ತು.

ಒಂದು ಅಗ್ಗದ ಉಪಾಯ ಕೆಲಸವನ್ನೇ ಬಿಸಿಲಿನ ಹೊತ್ತಿಗೆ ತರುವುದು. ಕೃಷಿ ಪಂಪುಗಳಿಗೆ ರಾತ್ರಿಯ ಬದಲು ಹಗಲಿನಲ್ಲಿ ತ್ರೀ ಫೇಸ್ ಕೊಟ್ಟರೆ ಬ್ಯಾಟರಿಯ ಹೊರೆ ಅಷ್ಟು ಇಳಿಯುತ್ತದೆ. ರೈತನ ನಿದ್ದೆಯೂ ಉಳಿಯುತ್ತದೆ. ರೋಬಸ್ಟಾಕ್ಕೆ ಹೂಮಳೆ ಬಾರದಿದ್ದಾಗ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುವ ಕಾಫಿ ಬೆಳೆಗಾರನಿಗೂ ಹಗಲಿನ ವಿದ್ಯುತ್ ಅನುಕೂಲವೇ. ಹಗಲಿನಲ್ಲಿ ಎತ್ತರದ ತೊಟ್ಟಿಗೆ ಏರಿಸಿದ ನೀರೂ ಒಂದು ಬಗೆಯ ಬ್ಯಾಟರಿ. ಆದರೆ ದೀಪವನ್ನು ಮಧ್ಯಾಹ್ನಕ್ಕೆ ತರುವುದು ಹೇಗೆ?

ಮಾಡಿನ ಮೇಲೆ ಫಲಕ, ಮನೆಯೊಳಗೆ ಕತ್ತಲೆ

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಕೋಟಿ ಮನೆಗಳ ಚಾವಣಿಗೆ ಸೌರಫಲಕ ಹಾಕಿಸುವ ಸೂರ್ಯಘರ್ ಯೋಜನೆ ಆರಂಭಿಸಿತು. ಮೂರು ಕಿಲೋವಾಟಿಗೆ 78 ಸಾವಿರ ರೂಪಾಯಿ ಸಹಾಯಧನ. ಒಳ್ಳೆಯದೇ. ಆದರೆ ಇದನ್ನು ಹಾಕಿಸಲು ಹೊರಟ ಮಲೆನಾಡಿನ ಓದುಗರು ಒಂದು ವಿಷಯ ತಿಳಿದಿರಬೇಕು. ಬ್ಯಾಟರಿ ಇಲ್ಲದೆ ನೇರವಾಗಿ ಲೈನಿಗೆ ಜೋಡಿಸಿದ ಸೌರ ವ್ಯವಸ್ಥೆ, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮಾಡಿನಿಂದ ಹರಿದ ವಿದ್ಯುತ್ ತಾಗಬಾರದಲ್ಲ.

ಬೆಂಗಳೂರಿನಲ್ಲಿ ಇದರಿಂದ ದೊಡ್ಡ ತೊಂದರೆಯಿಲ್ಲ, ಅಲ್ಲಿ ಕರೆಂಟ್ ಹೋದರೂ ಗಂಟೆಗಳ ಮಾತು. ಕಳಸದ ಕಡೆ, ಕುದುರೆಮುಖದ ಬುಡದಲ್ಲಿ, ಕೊಟ್ಟಿಗೆಹಾರದ ಆಚೆ, ಗಾಳಿಮಳೆಗೆ ಮರ ಬಿದ್ದು ಸಾಲು ಕಂಬ ಮುರಿದರೆ ವಾರಗಟ್ಟಲೆ ಕತ್ತಲೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜರಿದು ಮಲೆಮನೆಯಂಥ ಊರು ಅಳಿದಾಗ, ಚಾರ್ಮಾಡಿ ಘಾಟಿ ಮುಚ್ಚಿದಾಗ, ಮೊಬೈಲಿಗೆ ಚಾರ್ಜ್ ಇದ್ದವನಷ್ಟೇ ಹೊರಗಿನವರಿಗೆ ಸುದ್ದಿ ಮುಟ್ಟಿಸಬಲ್ಲವನಾಗಿದ್ದ. ಅಂಥ ದಿನ ಮಾಡಿನ ಮೇಲೆ ಮೂರು ಕಿಲೋವಾಟ್ ಫಲಕವಿದ್ದೂ ಮನೆಯೊಳಗೆ ಒಂದು ಬಲ್ಬು ಹತ್ತದಿದ್ದರೆ ಆ ಸೌರಶಕ್ತಿಯ ಪ್ರಯೋಜನವೇನು?

ಒಂದು ಸಣ್ಣ ಲೆಕ್ಕ ಹಾಕೋಣ. 9 ವಾಟಿನ ನಾಲ್ಕು ಎಲ್.ಇ.ಡಿ. ಬಲ್ಬು ಐದು ಗಂಟೆ ಉರಿದರೆ 180 ವಾಟ್‌ಅವರ್. ಮೊಬೈಲುಗಳಿಗೆ 45, ಇಂಟರ್‌ನೆಟ್ ಪೆಟ್ಟಿಗೆಗೆ 120, ಮೂರು ಗಂಟೆ ಟಿ.ವಿ.ಗೆ 150. ಒಟ್ಟು ಸುಮಾರು ಅರ್ಧ ಯೂನಿಟ್. ಇನ್ವರ್ಟರ್ ಜೊತೆಗೆ ಬರುವ 12 ವೋಲ್ಟ್, 150 ಆಂಪಿಯರ್‌ಅವರ್ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಯುತ್ತದೆ. ಅದರ ಆಯಸ್ಸು ಉಳಿಯಬೇಕಾದರೆ ಅರ್ಧ ಮಾತ್ರ ಬಳಸಬೇಕು. ಅಂದರೆ ಲೈನಿನ ನೆರವಿಲ್ಲದೆ ಎರಡು ದಿನಕ್ಕೆ ತುಸು ಕಡಿಮೆ. ಇನ್ನು ಒಂದು ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಟ್ಟರೆ, ದಟ್ಟ ಮೋಡದ ದಿನ ಅದರ ಹತ್ತರಲ್ಲಿ ಒಂದೆರಡು ಪಾಲು ಕೊಡುತ್ತದೆ. ಅದೂ ಸುಮಾರು ಅರ್ಧ ಯೂನಿಟ್ಟೇ ಆಯಿತು. ಎಂದರೆ ಬ್ಯಾಟರಿ ಇರುವ ಒಂದು ಕಿಲೋವಾಟ್ ಮಳೆಗಾಲದ ಮಲೆನಾಡಿನ ಮನೆಯನ್ನು ಅಲ್ಪಸ್ವಲ್ಪ ಕಷ್ಟದಿಂದ ದಾಟಿಸಬಲ್ಲದು. ಬ್ಯಾಟರಿ ಇಲ್ಲದ ಮೂರು ಕಿಲೋವಾಟ್ ಅಷ್ಟನ್ನೂ ಮಾಡಲಾರದು. ಸಹಾಯಧನದ ನಿಯಮ ಬರೆಯುವವರು ಬಯಲು ಮತ್ತು ಮಲೆನಾಡನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಹೀಗಾಗುತ್ತದೆ.

ಭರಣಿ ಎಲ್ಲಿರಬೇಕು?

ದೊಡ್ಡ ಪ್ರಮಾಣದ ಶೇಖರಣೆಗೆ ಈಗ ಎರಡು ದಾರಿಗಳಿವೆ. ಒಂದು, ನೀರನ್ನು ಮೇಲೆತ್ತುವುದು. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಏರಿಸಿ, ಸಂಜೆ ಇಳಿಸಿ ವಿದ್ಯುತ್ ಪಡೆಯುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದು, ಎಂಬತ್ತು ಮರಳುತ್ತದೆ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಇಂಥ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ರೂಪಿಸಿದೆ. ಜಲಾಶಯಗಳು ಈಗಾಗಲೇ ಇವೆ, ಹೊಸ ಮುಳುಗಡೆ ಕಡಿಮೆ ಎಂಬುದು ಅದರ ಪರವಾದ ವಾದ. ಅದು ಸಿಂಗಳೀಕಗಳ ಅಭಯಾರಣ್ಯ, ಮರ ಕಡಿಯಬೇಕು, ಸಡಿಲ ಗುಡ್ಡಗಳ ಒಳಗೆ ಸುರಂಗ ಕೊರೆಯಬೇಕು ಎಂಬುದು ವಿರೋಧದ ವಾದ. ಗುಡ್ಡ ಜರಿಯುವುದನ್ನು ಕಣ್ಣಾರೆ ಕಂಡ ಮಲೆನಾಡಿನವರು ಈ ಎರಡನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು.

ಇನ್ನೊಂದು ದಾರಿ ಬ್ಯಾಟರಿ. ವಿಟಿಂಗ್‌ಹ್ಯಾಮ್, ಗುಡ್‌ಎನಫ್, ಯೋಶಿನೊ ಎಂಬ ಮೂವರು 1970 ಮತ್ತು 80ರ ದಶಕಗಳಲ್ಲಿ ನಡೆಸಿದ ಸಂಶೋಧನೆಯಿಂದ ಲಿಥಿಯಂ ಅಯಾನ್ ಬ್ಯಾಟರಿ ಹುಟ್ಟಿತು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಬಂತು. ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯ ಸರಾಸರಿ ಬೆಲೆ 2010ರಲ್ಲಿ ಸಾವಿರ ಡಾಲರಿಗೂ ಮೇಲಿತ್ತು, 2024ಕ್ಕೆ 115 ಡಾಲರಿಗೆ ಇಳಿದಿತ್ತು. ನಮ್ಮ ದೇಶದಲ್ಲಿ ವಿದ್ಯುತ್ ಜಾಲಕ್ಕೆ ಜೋಡಿಸಿದ ಮೊದಲ ದೊಡ್ಡ ಬ್ಯಾಟರಿ, 10 ಮೆಗಾವಾಟಿನದು, 2019ರಲ್ಲಿ ದೆಹಲಿಯ ರೋಹಿಣಿಯಲ್ಲಿ ಕೆಲಸ ಆರಂಭಿಸಿತು. 2023ರಲ್ಲಿ ಕೇಂದ್ರ ಸರ್ಕಾರ 4,000 ಮೆಗಾವಾಟ್‌ಅವರ್ ಬ್ಯಾಟರಿ ಸಂಗ್ರಹಕ್ಕೆ ಧನಸಹಾಯ ಒಪ್ಪಿತು. ಹೊಸ ಸೌರ ಯೋಜನೆಗಳ ಜೊತೆಗೆ ಅವುಗಳ ಸಾಮರ್ಥ್ಯದ ಶೇಕಡ 10ರಷ್ಟಾದರೂ, ಎರಡು ಗಂಟೆ ಬರುವಂಥ ಸಂಗ್ರಹ ಇರಲೆಂದು 2025ರ ಫೆಬ್ರವರಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಸಲಹೆ ಮಾಡಿತು.

ಬ್ಯಾಟರಿಗೂ ತನ್ನದೇ ಕಷ್ಟಗಳಿವೆ. ಲಿಥಿಯಂ ನಮ್ಮಲ್ಲಿ ಹೆಚ್ಚಿಲ್ಲ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಪತ್ತೆಯಾದದ್ದು 1,600 ಟನ್ನಿನ ಅಂದಾಜು, ಅದು ಸಾಲದು. ಹಳೆಯ ಸೀಸದ ಬ್ಯಾಟರಿಗಳನ್ನು ಹಿತ್ತಲಲ್ಲಿ ಕರಗಿಸುವವರಿಂದ ನೆಲ ನೀರು ವಿಷವಾಗುತ್ತದೆ, ಅದನ್ನು ತಡೆಯಲು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಬಂದಿವೆ, ಅವು ಗುಜರಿ ಅಂಗಡಿಯವರೆಗೆ ಮುಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿ ಹಗಲನ್ನು ರಾತ್ರಿಗೆ ದಾಟಿಸಬಲ್ಲದು, ಏಪ್ರಿಲನ್ನು ಜುಲೈಗೆ ದಾಟಿಸಲಾರದು. ಹಪ್ಪಳಕ್ಕೆ ಸಾಧ್ಯವಾದದ್ದು ಅದಕ್ಕೆ ಇನ್ನೂ ಸಾಧ್ಯವಾಗಿಲ್ಲ.

ಇಲ್ಲಿ ಮಲೆನಾಡು ತನ್ನದೇ ಒಂದು ಉತ್ತರವನ್ನು ಕಂಡುಕೊಂಡಿದೆ. ಗುಡ್ಡದ ತೊರೆಯಿಂದ ಪೈಪಿನಲ್ಲಿ ನೀರು ಇಳಿಸಿ, ಒಂದು ಬಕೆಟ್ಟಿನಷ್ಟು ಗಾತ್ರದ ಟರ್ಬೈನ್ ತಿರುಗಿಸಿ, ಮನೆಗೆ ಬೇಕಾದಷ್ಟು ವಿದ್ಯುತ್ ಮಾಡಿಕೊಳ್ಳುವ ಪದ್ಧತಿ ಚಿಕ್ಕಮಗಳೂರು, ದಕ್ಷಿಣ ಕನ್ನಡ, ಕೊಡಗಿನ ಒಂಟಿ ಮನೆಗಳಲ್ಲಿ ವರ್ಷಗಳಿಂದ ಇದೆ. ತೊರೆ ತುಂಬಿ ಹರಿಯುವುದು ಸೂರ್ಯ ಕಾಣೆಯಾದ ತಿಂಗಳುಗಳಲ್ಲಿ, ತೊರೆ ಬತ್ತುವುದು ಬಿಸಿಲು ಧಾರಾಳವಾದಾಗ. ಇಬ್ಬರೂ ಪಾಳಿಯ ಮೇಲೆ ದುಡಿಯುವ ಕೆಲಸಗಾರರಂತೆ. ನಡುವಿನ ರಾತ್ರಿಗಳಿಗೆ ಒಂದು ಒಳ್ಳೆಯ ಬ್ಯಾಟರಿ ಇದ್ದರೆ ವರ್ಷದ ಲೆಕ್ಕ ಸರಿಹೋಗುತ್ತದೆ. ಆಸ್ಪತ್ರೆ, ಶಾಲೆ, ಪಂಚಾಯಿತಿ ಕಟ್ಟಡ, ಮೊಬೈಲ್ ಟವರುಗಳಿಗಾದರೂ ಇಂಥ ಏರ್ಪಾಡು ಮಾಡಲು ಕೋಟಿಗಟ್ಟಲೆಯ ಸುರಂಗ ಬೇಕಾಗಿಲ್ಲ.

ಒಂದು ಶತಮಾನ ಕಾಲ ಈ ಬೆಟ್ಟಗಳು ನೀರು ಹಿಡಿದಿಟ್ಟು ನಾಡಿಗೆ ಬೆಳಕು ಕೊಟ್ಟವು. ಈಗ ಬಿಸಿಲನ್ನು ಹಿಡಿದಿಡುವ ಕೆಲಸಕ್ಕೂ ಮತ್ತೆ ಇವನ್ನೇ ಕೇಳುತ್ತಿದ್ದೇವೆ. ಕೇಳುವ ಮುಂಚೆ ಒಂದು ಲೆಕ್ಕ ತೀರಿಸುವುದು ನ್ಯಾಯ. ಪಾವಗಡದ ಮಧ್ಯಾಹ್ನದ ಬಿಸಿಲು ಬೆಂಗಳೂರಿನ ಸಂಜೆಯನ್ನು ಬೆಳಗಿಸುವ ಮೊದಲೋ, ಕೊನೆಗೆ ಅದರ ಜೊತೆಗೋ, ಆಶ್ಲೇಷದ ಮಳೆಯ ರಾತ್ರಿ ಕಳಸದ ಲೈನ್ ಮನೆಯೊಂದರಲ್ಲಿ ಓದುವ ಹುಡುಗಿಯ ಮುಂದೆ ಒಂದು ದೀಪ ಉರಿಯಬೇಕು. ಅಟ್ಟದ ಮೇಲಿನ ಭರಣಿಯನ್ನು ತುಂಬಿಸುವಾಗ ಮನೆಯ ಯಜಮಾನಿ ಮೊದಲು ಎಣಿಸುತ್ತಿದ್ದುದು ಮನೆಯೊಳಗಿನವರ ತಲೆಯನ್ನೇ, ನೆಂಟರು ಆಮೇಲೆ.